ಮೂಡಬಿದ್ರೆಯಷ್ಟು ದೂರ

ಬೂತಾಯಿ ಶುಚಿ ಮಾಡುತ್ತಾ ಕೂತಿದ್ದೆ. ಬಾವಿಕಟ್ಟೆಯ ಬದಿಯಲ್ಲಿ ಮೆಟ್ಟುಕತ್ತಿಯನ್ನು ಕಾಲಿನಡಿ ಒತ್ತಿ ಹಿಡಿದು ಒಂದೊಂದೇ ಮೀನಿನ ತಲೆ ತೆಗೆದು ಚಟ್ಟಿಗೆ ಹಾಕುವ ಕೆಲಸ. ಎದುರಿಗೆ ಎರಡು ಬೆಕ್ಕು, ತಮಗೆ ಈ ವಿಷಯದಲ್ಲಿ ಆಸಕ್ತಿಯೇ ಇಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡುತ್ತಾ ಕೂತಿದ್ದವು. ಆಗ ಕಂಪೌಂಡಿನ ಗೋಡೆಯ ಮೇಲೆ ಆಚೆಮನೆ ಅಕ್ಕನ ತಲೆ ಕಂಡಿತು.

"ಏ ಮಾರಾಯ್ತಿ, ಮಸ್ಕತ್ತಿನಿಂದ ಫೋನು! ಇಟ್ಟಿದ್ದಾನೆ, ಪುನಃ ಮಾಡ್ತಾನಂತೆ. ಬೇಗ ಬಾ!"

ತೊಂಬತ್ತರ ದಶಕದ ನಡುವಿನ ಮಾತು ಇದು. ಬಂಟ್ವಾಳದ ನಮ್ಮ ಓಣಿಯಲ್ಲಿ ಆಗ ಫೋನು ಇದ್ದದ್ದು ಅಕ್ಕನ ಮನೆಯಲ್ಲಿ ಮಾತ್ರ. ಅವರ ಗಂಡನಿಗೆ ಬಿ.ಸಿ.ರೋಡಿನಲ್ಲಿ ಹೋಟೆಲು. ಗಲ್ಫಿನಲ್ಲಿ ಇದ್ದವರೆಲ್ಲ ಮೊದಲು ಒಮ್ಮೆ ಫೋನು ಮಾಡಿ "ಇಂಥವರನ್ನು ಕರೀರಿ" ಎಂದು ಇಟ್ಟುಬಿಡುವುದು, ನಾವು ಓಡಿ ಹೋಗಿ ಆ ಕಪ್ಪು ಡಬ್ಬಿಯ ಎದುರು ಕೂತ ಮೇಲೆ ಪುನಃ ಮಾಡುವುದು, ಅದು ಕ್ರಮ. ಅಕ್ಕ ಎಷ್ಟು ಸಲ ಗೋಡೆ ಹತ್ತಿ ಕೂಗಿದ್ದಾರೋ ಲೆಕ್ಕ ಇಲ್ಲ. ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ನಮ್ಮ ಮನೆಮಾತು ಬ್ಯಾರಿ, ಅವರದ್ದು ತುಳು. ನಾವು ಅವರೊಡನೆ ತುಳುವಿನಲ್ಲೇ ಮಾತಾಡುವುದು. ಇಲ್ಲಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೈಗೆ ಸೋಪು ಹಾಕಿ ತೊಳೆದೆ, ವಾಸನೆ ಹೋಗಲಿಲ್ಲ. ಶಾಲು ತಲೆಗೆ ಎಳೆದುಕೊಂಡು ಓಡಿದೆ. ಮಸ್ಕತ್ತಿನಲ್ಲಿ ಇದ್ದದ್ದು ನನ್ನ ತಮ್ಮ, ಎ.ಸಿ. ಕೂರಿಸುವ ಕೆಲಸ. ನನ್ನ ಗಂಡ ದುಬೈಯಲ್ಲಿ, ಬಟ್ಟೆ ಅಂಗಡಿಯಲ್ಲಿ. ತಮ್ಮ ಫೋನು ಮಾಡುವುದು ಶುಕ್ರವಾರ ಮಾತ್ರ. ಅಂದು ಶುಕ್ರವಾರ ಆಗಿರಲಿಲ್ಲ.

ರಿಸೀವರಿನಲ್ಲಿ ಬೇರೆ ಯಾರದೋ ಸ್ವರ.

"ಅಕ್ಕ, ನಾನು ಅವನ ರೂಮಿನವ. ಬೆಳ್ತಂಗಡಿ ಕಡೆಯವ. ನೀವು ಹೆದರಬಾರದು."

ಅಕ್ಕ ಒಂದು ಸ್ಟೂಲು ತಂದು ನನ್ನ ಹಿಂದೆ ಇಟ್ಟರು.

"ಅವ ಕೆಲಸ ಮಾಡುವಾಗ ಮೇಲಿಂದ ಬಿದ್ದಿದ್ದಾನೆ. ತೊಡೆಯ ಎಲುಬು, ಸೊಂಟ ಎರಡೂ ಹೋಗಿದೆ. ತಲೆಗೂ ತಾಗಿದೆ. ಜೀವಕ್ಕೆ ತೊಂದರೆ ಇಲ್ಲ ಅಂತಾರೆ. ಆದ್ರೆ ಎಚ್ಚರ ಇಲ್ಲ."

"ಹತ್ತಿರ ಯಾರಿದ್ದಾರೆ?"

"ಯಾರೂ ಇಲ್ಲ ಅಕ್ಕ. ಇಲ್ಲಿ ಆಸ್ಪತ್ರೆಯಲ್ಲಿ ನಿಲ್ಲಿಕ್ಕೆ ಬಿಡುವುದಿಲ್ಲ. ಸಂಜೆ ಸ್ವಲ್ಪ ಹೊತ್ತು ನೋಡಿ ಬರ್ಬಹುದು. ನನಗೂ ರಜೆ ಶುಕ್ರವಾರ ಒಂದೇ."

ಲೈನು ಕಡಿದುಹೋಯಿತು. ಮನೆಗೆ ಬಂದಾಗ ಬೆಕ್ಕುಗಳು ಚಟ್ಟಿಯ ಅರ್ಧ ಮೀನು ಎಳೆದುಕೊಂಡು ಹೋಗಿದ್ದವು. ಬೈಯುವ ಮನಸ್ಸೂ ಆಗಲಿಲ್ಲ.

ಉಮ್ಮ, ಅಂದರೆ ನನ್ನ ತಾಯಿ, ಆಗ ನನ್ನ ಜೊತೆಯಲ್ಲೇ ಇದ್ದರು. ತಂದೆ, ನಮ್ಮ ಬಾಪ, ತೀರಿಹೋಗಿದ್ದರು, ತಮ್ಮನಿಗೆ ಮದುವೆ ಆಗಿರಲಿಲ್ಲ. ಉಮ್ಮನಿಗೆ ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ಅವರು ನನ್ನ ಮುಖ ನೋಡಿಯೇ ತಸ್ಬೀಹ್ ಮಣಿಸರ ಕೆಳಗಿಟ್ಟರು. ಪೂರ್ತಿ ಕೇಳಿದರು. ಅಳಲಿಲ್ಲ. ನನ್ನ ಬಾಯಿಗೆ ಮೊದಲು ಬಂದ ಪ್ರಶ್ನೆಯೇ ಅವರ ಬಾಯಿಗೂ ಬಂತು.

"ಹತ್ತಿರ ಯಾರು ಕೂತಿದ್ದಾರೆ?"

ನಮ್ಮ ಕಡೆ ಆಸ್ಪತ್ರೆಗೆ ಒಬ್ಬ ಸೇರುವುದು ಎಂದರೆ ಇಬ್ಬರು ಸೇರುವುದು. ಒಬ್ಬ ಮಂಚದ ಮೇಲೆ, ಒಬ್ಬ ಮಂಚದ ಅಡಿಯಲ್ಲಿ. ಡಾಕ್ಟ್ರು ಬರೆದ ಮದ್ದನ್ನು ಹೊರಗಿನ ಅಂಗಡಿಯಿಂದ ತರಬೇಕು, ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತರಬೇಕು, ಗಂಜಿ ಕುಡಿಸಬೇಕು, ಡ್ರಿಪ್ಪು ಮುಗಿಯುವಾಗ ನರ್ಸನ್ನು ಕರೆಯಬೇಕು, ಮೈ ಒರೆಸಬೇಕು. ಬಾಪನನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ಸೇರಿಸಿದ್ದಾಗ ಉಮ್ಮ ಊರಿಂದಲೇ ಸುರುಳಿ ಸುತ್ತಿದ ಓಲೆಚಾಪೆ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರು. ಬಾಪ ಕಣ್ಣು ಮುಚ್ಚುವವರೆಗೂ ಆ ಮಂಚದ ಅಡಿಯಲ್ಲೇ ಮಲಗಿದ್ದರು. ಕೊನೆಗೆ ಬಾಪನ ಬಾಯಿಗೆ ನೀರು ಬಿಟ್ಟದ್ದು, ಕಿವಿಯಲ್ಲಿ ಕಲಿಮ ಹೇಳಿದ್ದು ಅವರೇ. ಹಾಗಾಗಿ ಚಾಪೆ ಇಲ್ಲದ ಆಸ್ಪತ್ರೆ, ಜನ ಇಲ್ಲದ ಕಾಯಿಲೆ, ಇದು ಉಮ್ಮನ ತಲೆಗೆ ಹೋಗುವ ವಿಷಯವೇ ಅಲ್ಲ.

"ಅಲ್ಲಿ ಎಲ್ಲ ನರ್ಸುಗಳೇ ನೋಡಿಕೊಳ್ತಾರಂತೆ ಉಮ್ಮ," ಎಂದೆ.

"ನರ್ಸಿಗೆ ಇವನೊಬ್ಬನೇ ಇರುವುದಾ? ಎಚ್ಚರ ಆಗಿ ನೀರು ಕೇಳಿದ್ರೆ ಯಾವ ಭಾಷೆಯಲ್ಲಿ ಕೇಳುವುದು ಅವ? ನಿನ್ನ ಗಂಡನಿಗೆ ಫೋನು ಮಾಡು. ಒಂದು ಗಂಟೆಯ ದಾರಿ ಅಲ್ವಾ. ಹೋಗಿ ಕೂರ್ಲಿ."

ಒಂದು ಗಂಟೆಯ ದಾರಿ. ಈ ಮಾತು ಅವರ ತಲೆಗೆ ಹಾಕಿದ್ದು ನನ್ನ ಗಂಡ, ನಮ್ಮವರೇ. ಹಿಂದಿನ ಸಲ ರಜೆಯಲ್ಲಿ ಬಂದಾಗ ಉಮ್ಮ ಕೇಳಿದ್ದರು, ದುಬೈಯಿಂದ ಮಸ್ಕತ್ತಿಗೆ ಎಷ್ಟು ದೂರ ಅಂತ. ಅವರು ಮೀನುಮುಳ್ಳು ಬಿಡಿಸುತ್ತಾ, "ವಿಮಾನದಲ್ಲಿ ಒಂದು ಗಂಟೆ, ಮೇಲೆ ಚೂರು. ನೀವು ಇಲ್ಲಿಂದ ಮೂಡಬಿದ್ರೆಗೆ ಹೋಗ್ತೀರಲ್ಲ, ಅಷ್ಟೇ," ಎಂದಿದ್ದರು. ಉಮ್ಮನ ತವರು ಬೆಳುವಾಯಿ. ಬಂಟ್ವಾಳದಲ್ಲಿ ಬಸ್ಸು ಹತ್ತಿ ಸಿದ್ಧಕಟ್ಟೆಯ ಮೇಲಿಂದ ಮೂಡಬಿದ್ರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು. ಮನಸ್ಸಾದಾಗ ಬುರ್ಖಾ ಹಾಕಿಕೊಂಡು ಹೊರಡುವುದು, ಸಂಜೆಯೊಳಗೆ ಬಂದುಬಿಡುವುದು. ಮಸ್ಕತ್ತೂ ಹಾಗೆಯೇ ಎಂದು ಅವರು ನಂಬಿಬಿಟ್ಟರು.

ಉಮ್ಮ ಒಬ್ಬರದ್ದೇ ತಪ್ಪಲ್ಲ ಅದು. ನಮ್ಮ ಊರಿನಲ್ಲಿ ಯಾರು ಯಾವ ದೇಶಕ್ಕೆ ಹೋದರೂ 'ಗಲ್ಫಿಗೆ ಹೋದ' ಎಂದೇ ಹೇಳುವುದು. ಹೊರಡುವವನ ಮನೆಗೆ ನಾವೆಲ್ಲ ಕಟ್ಟು ತೆಗೆದುಕೊಂಡು ಹೋಗುತ್ತಿದ್ದೆವು, ನನ್ನ ಮಗ ದಮಾಮಿನಲ್ಲಿ, ನಮ್ಮ ಬಾವ ಕತಾರಿನಲ್ಲಿ, ಇದನ್ನು ಕೊಡು ಅಂತ. ಉಮ್ಮ ತಮ್ಮನಿಗೆ ಅಂತ ಒಣ ಎಟ್ಟಿಯ, ಅಂದರೆ ಸಿಗಡಿಯ, ಚಟ್ನಿಪುಡಿ ಮಾಡಿ ನಮ್ಮವರ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದು ದುಬೈಯಲ್ಲಿ ಮಂಚದ ಕೆಳಗೆ ತಿಂಗಳುಗಟ್ಟಲೆ ಕೂತಿತು, ಮಸ್ಕತ್ತಿಗೆ ಹೋಗುವವರು ಸಿಗಲೇ ಇಲ್ಲ. ಕೊನೆಗೆ ಇವರೇ ತಿಂದು ಮುಗಿಸಿದರು. "ಒಂದು ಗಂಟೆ ದಾರಿ, ಕೊಟ್ಟು ಬರ್ಲಿಕ್ಕೆ ಸೋಮಾರಿತನ. ತಿನ್ಲಿಕ್ಕೆ ಮಾತ್ರ ಇಲ್ಲ," ಎಂದು ಉಮ್ಮ ವರ್ಷವಿಡೀ ಅಳಿಯನನ್ನು ಕುಟುಕಿದ್ದರು.

ಹೊರದೇಶಕ್ಕೆ ಮಾಡಲು ಬಿ.ಸಿ.ರೋಡಿನ ಫೋನು ಬೂತಿಗೇ ಹೋಗಬೇಕು, ಇಬ್ಬರೂ ಹೋದೆವು. ಗಾಜಿನ ಗೂಡು, ಒಳಗೆ ಕೆಂಪು ಅಂಕಿ ಓಡುತ್ತಾ ಇರುತ್ತದೆ, ಅದನ್ನು ನೋಡಿದರೆ ಬಾಯಿಗೆ ಮಾತೇ ಬರುವುದಿಲ್ಲ. ನಮ್ಮವರಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ನಾನು ಹೋಗ್ಬೇಕಂತಲೇ ಇದ್ದೇನೆ," ಎಂದರು. "ಆದ್ರೆ ಪಾಸ್‌ಪೋರ್ಟ್ ಅರ್ಬಾಬಿನ ಕೈಯಲ್ಲಿ. ಅವ ಊರಲ್ಲಿಲ್ಲ."

ಅರ್ಬಾಬ್ ಎಂದರೆ ಅಲ್ಲಿಯ ಮಾಲೀಕ. ಕೆಲಸಕ್ಕೆ ಸೇರಿದ ದಿನವೇ ಪಾಸ್‌ಪೋರ್ಟ್ ತೆಗೆದು ತನ್ನ ಕಪಾಟಿನಲ್ಲಿ ಇಡುತ್ತಿದ್ದ. ಎರಡು ವರ್ಷಕ್ಕೊಮ್ಮೆ ಊರಿಗೆ ಹೊರಡುವಾಗ ಮಾತ್ರ ಅದು ಹೊರಗೆ ಬರುವುದು. ಆ ಅರ್ಬಾಬ್ ಹೆಂಡತಿಯ ಮದ್ದಿಗೆ ಅಂತ ಯಾವುದೋ ತಂಪು ದೇಶಕ್ಕೆ ಹೋಗಿದ್ದ. ಕಪಾಟಿನ ಬೀಗದ ಕೈ ಅವನ ಜೊತೆಯಲ್ಲೇ. ಪಾಸ್‌ಪೋರ್ಟ್ ಸಿಕ್ಕಿದರೂ ಮಸ್ಕತ್ತಿನ ವೀಸಾ ಆಗಬೇಕು, ಈ ಅರ್ಬಾಬ್ ಒಪ್ಪಿದ್ದೇನೆ ಅಂತ ಬರೆದು ಕೊಡಬೇಕು.

ಉಮ್ಮ ನನ್ನ ಕೈಯಿಂದ ರಿಸೀವರ್ ಕಸಿದುಕೊಂಡರು.

"ಯಾಕೆ ಪಾಸ್‌ಪೋರ್ಟು? ನೀನೇನು ಊರಿಗೆ ಬರ್ತಾ ಇದ್ದೀಯಾ? ಗಲ್ಫಿನಿಂದ ಗಲ್ಫಿಗೆ ಹೋಗ್ಲಿಕ್ಕೆ?"

"ಅದು ಬೇರೆ ದೇಶ ಉಮ್ಮ," ಎಂದು ಅವರು ಹೇಳಿದ್ದು ನನಗೂ ಕೇಳಿಸಿತು.

"ಅಲ್ಲಿಯೂ ಅರಬಿಗಳೇ ಅಲ್ವಾ? ಬಾಂಗು ಕೊಡುವುದು ಒಂದೇ ಅಲ್ವಾ? ಹೋಗಿ ವಿಷಯ ಹೇಳು ಮಗಾ. ತಾಯಿ ಕೇಳಿದ್ದಾಳೆ ಅಂತ ಹೇಳು."

ಉಮ್ಮ ರಿಸೀವರ್ ಪುನಃ ನನಗೆ ಕೊಟ್ಟರು. "ಮಸ್ಕತ್ತಿನ ಬಸ್ಸು ನಮ್ಮ ಅಂಗಡಿಯ ಎದುರಿಂದಲೇ ಹೋಗ್ತದೆ ಮಾರಾಯ್ತಿ. ದಿನಾ ಶಟರ್ ಎತ್ತುವಾಗ ನೋಡ್ತೇನೆ," ಎಂದರು ನಮ್ಮವರು. ಅಷ್ಟೇ.

ಮನೆಗೆ ಬಂದ ಉಮ್ಮ ಅಟ್ಟದಿಂದ ಓಲೆ ಇಳಿಸಿದರು. ಬಿಸಿಲಿಗೆ ಹಾಕಿ, ಸೀಳಿ ಇಟ್ಟಿದ್ದ ಓಲೆ. ಮರುದಿನ ನೋಡಿದರೆ ಒಬ್ಬ ಮಲಗುವಷ್ಟು ಅಗಲದ ಸಣ್ಣ ಚಾಪೆ ಕೈಯಲ್ಲಿ ಆಗುತ್ತಾ ಇದೆ. ಮಂಚದ ಅಡಿಗೆ ಹೋಗುವ ಅಳತೆ, ಅವರಿಗೆ ಗೊತ್ತಿದ್ದ ಅಳತೆ.

"ಅವನ ಹತ್ತಿರ ಚಾಪೆ ಎಲ್ಲಿಂದ ಬರ್ಬೇಕು? ಅಳಿಯ ಹೋಗಿ ಬರೀ ನೆಲದಲ್ಲಿ ಮಲಗುವುದಾ? ಆಸ್ಪತ್ರೆಯ ನೆಲ ಶೀತ."

ಆಚೆಮನೆ ಅಕ್ಕನ ಮೈದುನನಿಗೂ ದುಬೈಯಲ್ಲಿ ಕೆಲಸ, ರಜೆ ಮುಗಿದು ಹೊರಡುವವನಿದ್ದ. ಆಗ ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಎಲ್ಲಿ? ಬಸ್ಸಿನಲ್ಲಿ ಬೊಂಬಾಯಿ, ಅಲ್ಲಿಂದ ವಿಮಾನ. ಉಮ್ಮ ಸುರುಳಿ ಸುತ್ತಿ ಹಗ್ಗ ಬಿಗಿದ ಚಾಪೆ ಹಿಡಿದುಕೊಂಡು ಅವರ ಜಗಲಿಯಲ್ಲಿ ನಿಂತರು.

"ಬ್ಯಾರ್ತಿ ಉಮ್ಮ, ವಿಮಾನದಲ್ಲಿ ನಮಗೆ ಕೂರ್ಲಿಕ್ಕೆ ಸೀಟು ಕೊಡ್ತಾರೆ, ಚಾಪೆ ಹಾಸ್ಬೇಕಂತ ಇಲ್ಲ," ಎಂದು ಮೈದುನ ನಗಾಡಿದ.

ಅಕ್ಕ ಅವನ ತಲೆಗೆ ಮೊಟಕಿದರು. "ನಿನ್ನ ಪೆಟ್ಟಿಗೆಯಲ್ಲಿ ಸೆಂಟು, ಬನಿಯನು ತರ್ಲಿಕ್ಕೆ ಜಾಗ ಉಂಟು, ಇದಕ್ಕೆ ಇಲ್ಲವಾ? ತಕ್ಕೊಂಡು ಹೋಗು."

ಅವ ತಕ್ಕೊಂಡು ಹೋದ. ಅಲ್ಲಾಹನು ಆ ಹುಡುಗನಿಗೆ ಒಳ್ಳೆಯದು ಮಾಡಲಿ. ಇಂಥ ಸಣ್ಣ ಸಣ್ಣ ಉಪಕಾರಗಳನ್ನೇ ನಾನು ಆ ದಿನಗಳಲ್ಲಿ ನೆನೆದು ನೆನೆದು ಅಲ್ಲಾಹನಿಗೆ ಶುಕ್ರ್ ಹೇಳುತ್ತಿದ್ದೆ. ದೊಡ್ಡದನ್ನು ಕೇಳಲು ಧೈರ್ಯ ಬರುತ್ತಿರಲಿಲ್ಲ.

ಆಮೇಲೆ ಬರೀ ಕಾಯುವುದು. ಪ್ರತಿ ಶುಕ್ರವಾರ ಬೆಳ್ತಂಗಡಿಯ ಆ ಹುಡುಗ ತಪ್ಪದೆ ಫೋನು ಮಾಡುತ್ತಿದ್ದ. ಒಂದು ಶುಕ್ರವಾರ, ಕಣ್ಣು ಬಿಟ್ಟಿದ್ದಾನೆ. ಇನ್ನೊಂದು ಶುಕ್ರವಾರ, ಆಪರೇಶನ್ ಆಯಿತು, ತೊಡೆಗೆ ರಾಡು ಹಾಕಿದ್ದಾರೆ, ಆದರೆ ಮಾತು ಸರಿ ಇಲ್ಲ, ಒಮ್ಮೊಮ್ಮೆ ಅಳುತ್ತಾನೆ. ಮತ್ತೊಂದು ಶುಕ್ರವಾರ, "ಉಮ್ಮ ಎಲ್ಲಿ, ಈಗ ಹೊರಗೆ ಹೋದ್ರಲ್ಲ" ಎಂದು ಕೇಳುತ್ತಾನೆ. ಇದನ್ನು ನಾನು ಉಮ್ಮನಿಗೆ ಹೇಳಬಾರದಿತ್ತೇನೋ. ಹೇಳಿದ ಮೇಲೆ ಅವರು ಮಂಚದ ಮೇಲೆ ಮಲಗುವುದನ್ನೇ ಬಿಟ್ಟರು. ಕುರ್‌ಆನಿನ ಯಾಸೀನ್ ಓದುವುದು, ಮಗನ ಕಡೆಗೆ ಊದುವುದು. ಯಾವ ದಿಕ್ಕಿಗೆ ಊದಬೇಕೆಂದು ನನ್ನ ದೊಡ್ಡ ಮಗಳನ್ನು ಕೇಳಿದರು. ಅವಳು ಶಾಲೆಯ ಭೂಪಟ ತಂದು ತೋರಿಸಿದಳು. ದುಬೈಗೂ ಮಸ್ಕತ್ತಿಗೂ ನಡುವೆ ನನ್ನ ಕಿರುಬೆರಳಿನ ಉಗುರು ಹಿಡಿಸುವಷ್ಟು ಜಾಗ. ನಮ್ಮ ಬಂಟ್ವಾಳ ಅದರಲ್ಲಿ ಇರಲೇ ಇಲ್ಲ.

ಅದೇ ಮಗಳು ಮುಂದೆ ಉಜಿರೆಯಲ್ಲಿ ಕಾಲೇಜಿಗೆ ಹೋಗುವಾಗ ಕಂಪ್ಯೂಟರಿನಲ್ಲಿ ನೋಡಿ ಬಂದು ಹೇಳಿದ್ದುಂಟು, ದುಬೈ ಮಸ್ಕತ್ ಇಷ್ಟು ಕಿಲೋಮೀಟರು, ವಿಮಾನದಲ್ಲಿ ಇಷ್ಟು ಹೊತ್ತು ಅಂತ. ಅಷ್ಟರಲ್ಲಿ ಮಂಗಳೂರಿನಿಂದಲೇ ನೇರ ವಿಮಾನ ಹಾರಲು ಶುರುವಾಗಿತ್ತು, ಎಲ್ಲರ ಕೈಯಲ್ಲೂ ಮೊಬೈಲು. "ಬಾಪ ಸರಿಯಾಗಿಯೇ ಹೇಳಿದ್ದು ಉಮ್ಮ, ಒಂದು ಗಂಟೆ, ಮೇಲೆ ಚೂರು," ಎಂದು ನನಗೆ ಹೇಳಿದಳು. ಸರಿಯಾಗಿಯೇ ಹೇಳಿದ್ದರು. ಕಂಪ್ಯೂಟರಿನಲ್ಲಿ ಅರ್ಬಾಬಿನ ಕಪಾಟು ಕಾಣುವುದಿಲ್ಲ.

ಅಂತೂ ಅರ್ಬಾಬ್ ವಾಪಸು ಬಂದ. ನಮ್ಮವರ ಫೋನು ಬಂತು. ನಾನು, ಉಮ್ಮ, ನನ್ನ ಸೊಂಟದಲ್ಲಿ ಚಿಕ್ಕ ಮಗಳು, ಮೂವರೂ ಅಕ್ಕನ ಮನೆಗೆ ಹೋದೆವು. ಚಿಕ್ಕವಳು ಹುಟ್ಟಿದ್ದು ಅವರು ರಜೆ ಮುಗಿಸಿ ಹೋದ ಮೇಲೆ. ಅವಳು ಬಾಪನನ್ನು ಕಂಡವಳೇ ಅಲ್ಲ. ಅಕ್ಕನ ಮನೆಯ ಆ ಕಪ್ಪು ಫೋನನ್ನೇ ಬಾಪ ಎಂದು ತಿಳಿದಿದ್ದಳು. ಒಳಗೆ ಹೋದ ಕೂಡಲೇ ಅದಕ್ಕೆ ಮುತ್ತು ಕೊಡುವುದು, "ಬಾಪ ಜೋಜೋ" ಎಂದು ಅದರ ಮೇಲೆ ಟವೆಲು ಹೊದಿಸುವುದು. ಅಕ್ಕ ನೋಡಿ ನಗುತ್ತಿದ್ದರು. "ನಿನ್ನ ಗಂಡ ಬಂದ್ರೆ ಇವಳು ಹತ್ತಿರ ಸೇರಿಸ್ಲಿಕ್ಕಿಲ್ಲ ನೋಡು. ಅವನಿಗೆ ಗಡ್ಡ ಉಂಟು, ಇದಕ್ಕೆ ಇಲ್ಲ."

ಆ ವರ್ಷ ಅವರು ಬರುವ ವರ್ಷ. ಶಾಲೆಯ ರಜೆ ಮುಗಿಯುವುದರೊಳಗೆ ಬರುತ್ತೇನೆ ಎಂದಿದ್ದರು.

"ಪಾಸ್‌ಪೋರ್ಟ್ ಕೊಡ್ತಾನಂತೆ," ಎಂದರು ಫೋನಿನಲ್ಲಿ. "ಆದ್ರೆ ಒಂದು ವಿಷಯ. ಈಗ ಹೋದ್ರೆ ಅದನ್ನೇ ಈ ಸಲದ ರಜೆ ಅಂತ ಹಿಡೀತಾನಂತೆ. ಊರಿಗೆ ಬೇಕಾದ್ರೆ ಮುಂದಿನ ಸಲ ಹೋಗು ಅಂತ. ಇನ್ನೂ ಎರಡು ವರ್ಷ." ಆಮೇಲೆ, "ನೀನು ಹೇಳು. ನೀನು ಹೇಳಿದ ಹಾಗೆ," ಎಂದರು.

ಉಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಕೇಳಿಸಿದ್ದು ಪಾಸ್‌ಪೋರ್ಟ್ ಸಿಕ್ಕಿತು ಎನ್ನುವುದು ಮಾತ್ರ. ಮುಖ ಅರಳಿತ್ತು. ಚಿಕ್ಕವಳು ಫೋನಿನ ಸುರುಳಿ ವಯರನ್ನು ಬಾಯಿಗೆ ಹಾಕಿಕೊಂಡಿದ್ದಳು. ಯಾವುದಾದರೂ ಒಂದು ಬೇರೆ ದಾರಿ ತೋರಿಸು ರಬ್ಬೇ ಎಂದು ಒಂದು ಕ್ಷಣ ಬೇಡಿಕೊಂಡೆ. ಬೇರೆ ದಾರಿ ಇರಲಿಲ್ಲ.

"ಹೋಗಿ," ಎಂದೆ.

"ಹೂಂ."

"ಚಾಪೆ ತಕ್ಕೊಂಡು ಹೋಗಿ. ಉಮ್ಮ ಕೇಳ್ತಾರೆ."

"ಉಂಟು. ಕಟ್ಟು ಬಿಚ್ಚಲೇ ಇಲ್ಲ."

ರಜೆಯ ಸುದ್ದಿಯನ್ನು ನಾನು ಉಮ್ಮನಿಗೆ ಹೇಳಲಿಲ್ಲ. ಅಡುಗೆಮನೆಯಿಂದ ಬಂದ ಅಕ್ಕನಿಗೆ ನನ್ನ ಮುಖ ನೋಡಿ ಏನೋ ಆಗಿದೆ ಎಂದು ಗೊತ್ತಾಯಿತು. ಒಂದು ಲೋಟ ಚಹಾ ತಂದು ಕೈಯಲ್ಲಿ ಇಟ್ಟರು. ಸಕ್ಕರೆ ಎರಡು ಸಲ ಹಾಕಿದ್ದರು, ಅಷ್ಟು ಸಿಹಿ.

ವೀಸಾ ಆಗಿ ಹೊರಡಲು ಮತ್ತೆ ಕೆಲವು ದಿನ ಹಿಡಿಯಿತು. ಅವರು ಹಾರಿದ ದಿನ ಉಮ್ಮ ಉಪವಾಸ ಹಿಡಿದರು. ಸಂಜೆಯ ಅಸರ್ ನಮಾಜು ಮುಗಿಸಿ ಜಗಲಿಯಲ್ಲಿ ಕೂತು, "ಈಗ ಸಿದ್ಧಕಟ್ಟೆ ದಾಟಿರ್ಬಹುದು," ಎಂದರು. ನನಗೆ ನಗು ಬಂತು, ಅಳುವೂ ಬಂತು. ಸ್ವಲ್ಪ ಹೊತ್ತು ಬಿಟ್ಟು, "ಈಗ ಇಳಿದಿರ್ತಾನೆ," ಎಂದರು. ಉಪವಾಸ ಬಿಡಲು ಖರ್ಜೂರ ಕೈಯಲ್ಲಿ ಹಿಡಿದಿದ್ದರು, ಅಷ್ಟರಲ್ಲಿ ಗೋಡೆಯ ಮೇಲೆ ಅಕ್ಕನ ತಲೆ ಕಂಡಿತು.

ಲೈನಿನಲ್ಲಿ ನಮ್ಮವರು. ಉಸಿರು ಮೇಲೆ ಕೆಳಗೆ.

"ಅವ ಇಲ್ಲಿಲ್ಲ."

"ಇಲ್ಲ ಅಂದ್ರೆ?"

"ಜೀವಕ್ಕೇನೂ ಆಗಿಲ್ಲ, ನೀನು ಮೊದಲು ಅದನ್ನು ಕೇಳು. ಕಂಪೆನಿಯವರು ಇವತ್ತು ಮಧ್ಯಾಹ್ನ ಅವನನ್ನು ಬೊಂಬಾಯಿಗೆ ಹತ್ತಿಸಿದ್ದಾರೆ. ಇನ್ನು ಊರಲ್ಲೇ ಮದ್ದು ಮಾಡ್ಲಿ ಅಂತ. ರೂಮಿನವನಿಗೂ ಹೇಳ್ಲಿಲ್ಲ. ನಾನು ಬಂದಾಗ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಕ್ತಾ ಇದ್ರು."

"ಜೊತೆಯಲ್ಲಿ ಯಾರು?"

"ಯಾರೂ ಇಲ್ಲ. ವೀಲ್ ಚೇರಿನಲ್ಲಿ ಕೂರಿಸಿ ವಿಮಾನ ಹತ್ತಿಸಿದ್ದಂತೆ." ಆಮೇಲೆ ಸಣ್ಣ ಸ್ವರದಲ್ಲಿ, "ನಾನು ಚಾಪೆ ಹಿಡ್ಕೊಂಡು ನಿಂತಿದ್ದೆ. ಒಬ್ಬ ನರ್ಸು, ಕೇರಳದವಳು, ಇದೆಂತ ಅಂತ ಕೇಳಿದ್ಲು. ನನಗೆ ಹೇಳ್ಲಿಕ್ಕೇ ಆಗ್ಲಿಲ್ಲ."

ನಾನು ಉಮ್ಮನಿಗೆ ಹೇಳಿದೆ. ಅವರ ಕೈಯ ಖರ್ಜೂರ ಹಾಗೆಯೇ ಇತ್ತು. "ಸೊಂಟ ಮುರಿದವನನ್ನು ಒಬ್ಬನೇ ಕಳಿಸಿದ್ರಾ?" ಎಂದರು. ಆಮೇಲೆ, "ಬೊಂಬಾಯಿ ಇಲ್ಲಿಂದ ಎಷ್ಟು ಗಂಟೆ?" ಎಂದು ಕೇಳಿದರು.

ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ. ನಮ್ಮದೇ ದೇಶ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಆದರೆ ಅಲ್ಲಿ ನಮಗೆ ಒಬ್ಬರೂ ಇರಲಿಲ್ಲ. ಗಂಡಸರಿಲ್ಲದ ಮನೆ. ಅವನ ವಿಮಾನ ಆಗಲೇ ಇಳಿದಿರಬೇಕು. ನಾವು ಬಸ್ಸು ಹತ್ತಿದರೂ ಮುಟ್ಟುವುದು ಯಾವಾಗ? ಅಕ್ಕನ ಗಂಡ ಹೋಟೆಲಿನಿಂದ ಓಡಿ ಬಂದರು. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿರುವ ಅವರ ಜನರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿದರು. ಅವರಲ್ಲಿ ಒಬ್ಬ ತನ್ನ ಕೆಲಸದವನನ್ನು ವಿಮಾನ ನಿಲ್ದಾಣಕ್ಕೆ ಕಳಿಸಿದ, ಅವ ಕಾಲಿಗೆ ಪ್ಲಾಸ್ಟರು ಹಾಕಿದವ ಯಾರೂ ಕಾಣಲಿಲ್ಲ ಎಂದು ವಾಪಸು ಬಂದ. ಇನ್ನು ಬೆಳಿಗ್ಗೆ ನೋಡುವ ಎಂದರು. ಉಮ್ಮ ಆ ಖರ್ಜೂರವನ್ನು ತಿಂದದ್ದನ್ನು ನಾನು ನೋಡಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾಡಿದ್ದು ಇಷ್ಟೇ, ಮಕ್ಕಳಿಗೆ ಊಟ ಹಾಕಿ ಮಲಗಿಸಿದೆ, ಅಕ್ಕಿ ನೆನೆ ಹಾಕಿದೆ, ಎರಡು ರಕಾತ್ ನಮಾಜು ಮಾಡಿದೆ.

ಮರುದಿನ ಬೆಳಿಗ್ಗೆ ಬೊಂಬಾಯಿಯಿಂದಲೇ ಫೋನು. ಯಾರೋ ಹಿರಿಯರ ಸ್ವರ, ಚೊಕ್ಕ ತುಳು.

"ನಾನು ನಾರಾವಿಯವ. ನಿಮ್ಮ ತಮ್ಮ ನಮ್ಮಲ್ಲಿದ್ದಾನೆ. ಸಾಂಬಾರು ಸಪ್ಪೆ ಅಂತ ದೂರುತ್ತಾ ಇದ್ದಾನೆ. ಅಂದ್ರೆ ಪರ್ವಾಗಿಲ್ಲ ಅಂತ ಲೆಕ್ಕ."

ಅವರೂ ಅದೇ ವಿಮಾನದಲ್ಲಿ ಇದ್ದವರು. ವಿಮಾನ ಇಳಿಯುವಾಗ ಕುಲುಕಿ, ಕಾಲಿಗೆ ನೋವಾಗಿ, ತಮ್ಮ ತುಳುವಿನಲ್ಲಿ ಒಂದು ಬೈಗುಳ ಬಿಟ್ಟನಂತೆ. ಇಲ್ಲಿ ಬರೆಯುವಂಥದ್ದಲ್ಲ. ಎರಡು ಸಾಲು ಹಿಂದಿನಿಂದ ಇವರು ಎದ್ದು ಬಂದು, "ಇರೆನ ಊರು ಓಲು?" ಎಂದು ಕೇಳಿದರಂತೆ, ನಿಮ್ಮ ಊರು ಎಲ್ಲಿ ಎಂದು. ತಮ್ಮ ಅವರ ಕೈ ಹಿಡಿದುಕೊಂಡವ ಆಮೇಲೆ ಬಿಡಲೇ ಇಲ್ಲವಂತೆ. ಅವರು ತಮ್ಮ ಸಂಬಂಧಿಕರ ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ, ಅವನ ಕಿಸೆಯ ಚೀಟಿಯಲ್ಲಿ ಇದ್ದ ಅಕ್ಕನ ಮನೆಯ ನಂಬರಿಗೆ ಫೋನು ಮಾಡಿದ್ದರು. ಮಗ ಬೈಗುಳ ಹೇಳಿದರೆ ಉಮ್ಮನಿಗೆ ಸಿಟ್ಟು ಬರುವುದಿತ್ತು. ಆ ದಿನ ಮಾತ್ರ, "ಅಲ್‌ಹಮ್ದುಲಿಲ್ಲಾಹ್, ಬೈಲಿಕ್ಕೆ ನೆನಪುಂಟಲ್ಲ," ಎಂದರು.

ನಾರಾವಿಯ ಆ ಹಿರಿಯರು ಬಸ್ಸಿನ ಹಿಂದಿನ ಉದ್ದ ಸೀಟನ್ನು ಪೂರಾ ಹಿಡಿದು, ಹಾಸಿಗೆ ಹಾಕಿಸಿ, ಅವನ ತಲೆಯ ಹತ್ತಿರ ತಾವು ಕೂತು ಊರಿಗೆ ಹೊರಟರು. ಬಸ್ಸು ಕಾರ್ಕಳದ ಮೇಲಿಂದ ಮೂಡಬಿದ್ರೆಗೆ ಬರುವುದು. ಇಂಥ ಹೊತ್ತಿಗೆ ಬರುತ್ತದೆ ಎಂದು ಗೊತ್ತಾದದ್ದೇ ತಡ, ಉಮ್ಮ ಬುರ್ಖಾ ಹಾಕಿ ಬಾಗಿಲಲ್ಲಿ ನಿಂತಿದ್ದರು. ಅಕ್ಕನ ಗಂಡ ಜೀಪು ಮಾಡಿಸಿದರು. ಬಂಟ್ವಾಳದಿಂದ ಮೂಡಬಿದ್ರೆ, ಒಂದು ಗಂಟೆ, ಮೇಲೆ ಚೂರು. ಸಿದ್ಧಕಟ್ಟೆ ಬಂದಾಗ ಉಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದರು.

ಬಸ್ಸು ನಿಂತಿತು. ಹಿಂದಿನ ಬಾಗಿಲಿನಿಂದ ನಾಲ್ಕು ಜನ ಸೇರಿ ಅವನನ್ನು ಇಳಿಸಿದರು. ತಲೆ ಬೋಳಿಸಿದ್ದರು, ಹೊಲಿಗೆಯ ಗೆರೆ ಕಾಣುತ್ತಿತ್ತು. ಅಷ್ಟು ಎತ್ತರದ ಹುಡುಗ ಮಡಿಸಿಟ್ಟ ಹಾಗೆ ಸಣ್ಣಗಾಗಿದ್ದ. ಉಮ್ಮನನ್ನು ನೋಡಿ, "ಎಲ್ಲಿಗೆ ಹೋಗಿದ್ರಿ? ಎಷ್ಟು ಕರೆದೆ," ಎಂದ.

"ಇಲ್ಲೇ ಇದ್ದೆ ಮಗಾ," ಎಂದರು ಉಮ್ಮ. "ನೀರು ತರ್ಲಿಕ್ಕೆ ಹೋಗಿದ್ದೆ."

ನಾರಾವಿಯ ಹಿರಿಯರಿಗೆ ಮನೆಗೆ ಬನ್ನಿ ಎಂದರೆ, ಮೊಮ್ಮಕ್ಕಳು ಕಾಯುತ್ತಿದ್ದಾರೆ ಎಂದು ತಮ್ಮ ಬಸ್ಸು ಹುಡುಕಿಕೊಂಡು ಹೋದರು. ಅವರಿಗೆ ಸರಿಯಾಗಿ ಕೈ ಮುಗಿಯಲೂ ನನಗೆ ಆಗಲಿಲ್ಲ, ಎರಡೂ ಕೈಯಲ್ಲಿ ತಮ್ಮನ ಕಾಲು ಇತ್ತು.

ಮನೆಯಲ್ಲಿ ಅವನನ್ನು ಹೊರಕೋಣೆಯ ಮಂಚದ ಮೇಲೆ ಮಲಗಿಸಿದೆವು. ಗಂಜಿಯ ನೀರು ಕುಡಿದು ಕಣ್ಣು ಮುಚ್ಚಿದ. ಸಂಜೆ ಗೋಡೆಯ ಮೇಲಿಂದ ಅಕ್ಕ ಕರೆದರು. ಫೋನಿನಲ್ಲಿ ನಮ್ಮವರು, ಇನ್ನೂ ಮಸ್ಕತ್ತಿನಲ್ಲೇ ಇದ್ದರು. ವಾಪಸು ಹೋಗಲು ಅರ್ಬಾಬಿನಿಂದ ಇನ್ನೂ ಒಂದು ಕಾಗದ ಬರಬೇಕಿತ್ತಂತೆ. ತಮ್ಮನ ರೂಮಿನಲ್ಲಿ, ಬೆಳ್ತಂಗಡಿಯ ಹುಡುಗನ ಮಂಚದ ಪಕ್ಕದಲ್ಲಿ, ಉಮ್ಮ ನೇಯ್ದ ಚಾಪೆ ಹಾಸಿ ಮಲಗುತ್ತಿದ್ದರು.

"ಮುಟ್ಟಿದನಲ್ಲ, ಸಾಕು," ಎಂದರು. "ಉಮ್ಮ ಏನು ಹೇಳ್ತಾರೆ?"

"ನಿಮಗೆ ದುವಾ ಮಾಡ್ತಾ ಇದ್ದಾರೆ."

"ಚಾಪೆ ಒಳ್ಳೇದುಂಟು ಅಂತ ಹೇಳು.  ನಮಾಜಿಗೂ ಅದೇ." ಆಮೇಲೆ, "ಚಿಕ್ಕವಳಿಗೆ ಕೊಡು ಒಮ್ಮೆ," ಎಂದರು.

ರಿಸೀವರನ್ನು ಅವಳ ಕಿವಿಗೆ ಹಿಡಿದೆ. ಅವರು ಏನೋ ಮಾತಾಡುತ್ತಿದ್ದರು. ಅವಳಿಗೆ ಮಾತು ಬೇಕಾಗಿರಲಿಲ್ಲ. ರಿಸೀವರನ್ನು ನನ್ನ ಕೈಯಿಂದ ಎಳೆದು ಅದರ ಜಾಗದಲ್ಲಿ ಮಲಗಿಸಿ, ಟವೆಲು ಹೊದಿಸಿದಳು. ಲೈನು ಹೋಯಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಪುನಃ ಮಾಡುತ್ತಾರೇನೋ ಎಂದು ಸ್ವಲ್ಪ ಹೊತ್ತು ಕೂತೆ. ಮಾಡಲಿಲ್ಲ. ಇನ್ನೆರಡು ವರ್ಷ ಅವಳಿಗೆ ಬಾಪ ಎಂದರೆ ಅದೇ.

ಮನೆಗೆ ಬಂದಾಗ ಉಮ್ಮ ತಮ್ಮನ ಮಂಚದ ಹತ್ತಿರ ಬರೀ ನೆಲದಲ್ಲಿ ಕೂತಿದ್ದರು, ಕೈಯಲ್ಲಿ ಫ್ಲಾಸ್ಕು.

"ಅಳಿಯ ಯಾವಾಗ ಬರ್ತಾನಂತೆ?" ಎಂದರು. "ಪಾಸ್‌ಪೋರ್ಟ್ ಈಗ ಕೈಯಲ್ಲೇ ಉಂಟಲ್ಲ."

"ಬರ್ತಾರೆ ಉಮ್ಮ. ಸ್ವಲ್ಪ ತಡ ಆಗ್ತದೆ."

"ಹೂಂ." ಮಂಚದ ಅಡಿಯ ನೆಲವನ್ನು ಕೈಯಿಂದ ಸವರಿದರು. "ಮೋಳೇ, ಇಲ್ಲಿಗೆ ಹಾಸ್ಲಿಕ್ಕೆ ಒಂದು ಚಾಪೆ ಬೇಕಿತ್ತು."

ಹೊಸದು ಮಸ್ಕತ್ತಿನಲ್ಲಿತ್ತು. ಅಟ್ಟ ಹತ್ತಿ ಹುಡುಕಿದೆ. ಮಂಗಳೂರಿನ ಆಸ್ಪತ್ರೆಗೆ ಹೋಗಿ ಬಂದ ಹಳೆಯ ಚಾಪೆ ಮೂಲೆಯಲ್ಲಿ ಸುರುಳಿಯಾಗಿ ನಿಂತಿತ್ತು, ಅಂಚು ಬಿಟ್ಟುಕೊಂಡು, ಧೂಳು ತುಂಬಿಕೊಂಡು. ಅದನ್ನು ಇಳಿಸಿ ಬಾವಿಕಟ್ಟೆಗೆ ತಂದೆ, ಎರಡು ಸಲ ಕೊಡವಿದೆ, ಕೊಡಪಾನದಲ್ಲಿ ನೀರು ಸೇದಿ, ಒದ್ದೆ ಬಟ್ಟೆ ಹಿಂಡಿ, ಒಂದು ತುದಿಯಿಂದ ಒರೆಸಲು ಶುರು ಮಾಡಿದೆ.